ಕುರ್ಚಿ ಬಿಡದ ಬೆಲಿಸಾರಿಯೊ

ನಮ್ಮೂರು ಪಿಚಿಕೊದಲ್ಲಿ ನೆಲ ನಡುಗಿತೆಂದು ಊಟದ ನಡುವೆ ಮೇಲೇಳುವುದು ಮರ್ಯಾದಸ್ಥರ ಲಕ್ಷಣವಲ್ಲ. ಒಂದು ಕೈಯಲ್ಲಿ ಸಾರಿನ ಬಟ್ಟಲು, ಇನ್ನೊಂದರಲ್ಲಿ ವೈನಿನ ಲೋಟ ಹಿಡಿದು, ಏನೂ ಆಗದವರಂತೆ ಕೂರಬೇಕು. ನಡುಕ ನಿಂತ ಮೇಲೆ ‘ಐದೂವರೆ’, ‘ಆರಕ್ಕೆ ಒಂದು ಕೂದಲು ಕಮ್ಮಿ’ ಎಂದು ಎಲ್ಲರೂ ರಿಕ್ಟರ್ ಅಳತೆ ಹೇಳಬೇಕು. ಆಮೇಲೆ ರೇಡಿಯೋ ಬೇರೆ ಅಂಕಿ ಹೇಳಿದರೆ ತಪ್ಪು ರೇಡಿಯೋದ್ದು.

ಚಿಲಿಯ ಕಡಲಂಚಿನ ನಮಗೆ ಹಿರಿಯರು ಇನ್ನೊಂದು ಮಾತನ್ನೂ ಬಿಟ್ಟುಹೋಗಿದ್ದಾರೆ: ನಡುಕದಲ್ಲಿ ಕಾಲ ಮೇಲೆ ನಿಲ್ಲಲಾಗದಿದ್ದರೆ ಸಮುದ್ರ ಮೇಲೆ ಬರುತ್ತದೆ, ಗುಡ್ಡ ಹತ್ತು. ಒಳ್ಳೆಯ ಮಾತೇ. ಆದರೆ ಕುರ್ಚಿಯನ್ನೇ ಬಿಡದವನಿಗೆ ನಿಲ್ಲಲಾಗುತ್ತದೋ ಇಲ್ಲವೋ ತಿಳಿಯುವುದು ಹೇಗೆಂದು ಅವರು ಹೇಳಿಲ್ಲ.

ದೋಣಿ ಬಡಗಿ ಬೆಲಿಸಾರಿಯೊ ಮದುವೆಯಾದ ಹೊಸತರಲ್ಲಿ, ಒಂದು ಸಾಧಾರಣ ನಡುಕಕ್ಕೆ ಹೆಂಡತಿಯನ್ನು ಹಾಸಿಗೆಯಲ್ಲೇ ಬಿಟ್ಟು ಕಿಟಕಿಯಿಂದ ಹಾರಿದ್ದ. ಆ ಪುಣ್ಯಾತ್ಗಿತ್ತಿ ಸಾಯುವವರೆಗೂ ಆ ಕತೆಯನ್ನು ಬಂದವರಿಗೆಲ್ಲ ಬಡಿಸಿದಳು. ಊರು ಅವನನ್ನು ಮೊಲ ಎಂದು ಕರೆಯಿತು. ಅಲ್ಲಿಂದೀಚೆಗೆ ಅವನು ಯಾವ ನಡುಕಕ್ಕೂ ಎದ್ದವನಲ್ಲ.

ಆ ಭಾನುವಾರ ಮಧ್ಯಾಹ್ನ ಊಟಕ್ಕೆ ನಾವು ಮೂವರು: ಅವನು, ಅವನ ಮಗಳು ಎದೆಲ್ಮಿರಾ, ಪಕ್ಕದ ಮನೆಯ ನಾನು. ಎದೆಲ್ಮಿರಾ ಬಂದರಿನಲ್ಲಿ ಮೀನು ಸೀಳುವವಳು. ಅವಳ ತೋಳು ಕಂಡರೆ ಗಂಡಸರು ದನಿ ತಗ್ಗಿಸುತ್ತಿದ್ದರು. ಕೋಳಿ, ಜೋಳ, ಕುಂಬಳಕಾಯಿಯ ಸಾರು ಆಗಷ್ಟೇ ಬಟ್ಟಲಿಗೆ ಬಿದ್ದಿತ್ತು.

ಮೊದಲು ಬಂದದ್ದು ಸದ್ದು, ನೆಲದಡಿಯಲ್ಲಿ ಯಾರೋ ಬಂಡೆ ಎಳೆದುಕೊಂಡು ಹೋದಂತೆ. ಬೆಲಿಸಾರಿಯೊ ಬಟ್ಟಲು ಹಿಡಿದ. ನಾನೂ ಹಿಡಿದೆ. ಮರುಕ್ಷಣ ನೆಲ ಒದೆಯಿತು. ಪಾತ್ರೆಯ ಕಪಾಟು ಎರಡು ಹೆಜ್ಜೆ ನಡೆದು ಬಂದು ಮೇಜಿನ ಮೇಲೆ ಬೋರಲು ಬಿತ್ತು. ಒಲೆಯ ಮೇಲಿದ್ದ ಸಾರು ಹಾರಿ ನನ್ನ ತೊಡೆ ಸುಟ್ಟಿತು. ಸೂರಿನ ಹೆಂಚೊಂದು ಇಳಿದು ಎದೆಲ್ಮಿರಾಳ ಹಣೆ ಸೀಳಿತು. ಎದ್ದು ನಿಲ್ಲಲು ಹೋದವಳು ಬಿದ್ದಳು, ಮತ್ತೆ ಎದ್ದಳು, ಮತ್ತೆ ಬಿದ್ದಳು. ಕಡಲ ಕಡೆಯ ಮಣ್ಣಿನ ಗೋಡೆ ದೂಳಾಗಿ ಕುಸಿಯಿತು. ಬೆಲಿಸಾರಿಯೊ ಕುರ್ಚಿಸಮೇತ ಕೋಣೆಯ ಆ ತುದಿಗೆ ಜಾರಿ, ಅದೇ ಘನತೆಯಿಂದ ಈ ತುದಿಗೆ ವಾಪಸು ಬಂದ.

ನಡುಕ ನಿಂತಾಗ ಅವನು ಬಾಯಿಯ ಮಣ್ಣು ಉಗಿದು, “ಎಂಟೂವರೆ. ನೀನೆಷ್ಟಂತೀಯಯ್ಯಾ?” ಎಂದ.

ಬಿದ್ದ ಗೋಡೆಯಾಚೆ ಕೊಲ್ಲಿ ಬರಿದಾಗಿತ್ತು. ದೋಣಿಗಳು ಕೆಸರಿನಲ್ಲಿ ಪಕ್ಕೆಗೆ ಮಲಗಿದ್ದವು.

“ಅಪ್ಪಾ, ನಡಿ. ನನಗೆ ನಿಲ್ಲೋಕಾಗ್ಲಿಲ್ಲ. ನೀರೂ ಹಿಂದಕ್ಕೆ ಹೋಗಿದೆ,” ಎಂದಳು ಮಗಳು.

“ಹೋದ್ರೆ ಬರತ್ತೆ ಬಿಡು.”

“ಬರತ್ತೆ ಅಂತಾನೇ ಕರೀತಿರೋದು.”

“ನೀನು ಹೋಗಮ್ಮ. ನಾನು ಓಡೋದನ್ನ ಈ ಊರು ಒಂದ್ಸಲ ನೋಡಿದೆ, ಸಾಕು.”

ಅವನು ಎರಡು ಪಾದಗಳನ್ನೂ ಕುರ್ಚಿಯ ಕಾಲಿಗೆ ಹೆಣೆದುಕೊಂಡ. ಅವಳು ರಟ್ಟೆ ಹಿಡಿದು ಎಳೆದಳು. ಅವನು ಅವಳ ಕೈ ಕಚ್ಚಿದ, ರಕ್ತ ಬರುವಂತೆ. ಅವಳು ಬ್ರೆಡ್ ಕೊಯ್ಯುವ ಮಣೆ ಎತ್ತಿ ಅಪ್ಪನ ಕಿವಿಯ ಹಿಂದೆ ಬಾರಿಸಿದಳು. ಅವನ ತಲೆ ವಾಲಿತು. ಕಾಲು ಮಾತ್ರ ಬಿಡಲಿಲ್ಲ.

“ಸರಿ, ಏಳ್ಬೇಡ,” ಎಂದು ಅವಳು ಬಟ್ಟೆ ಒಣಹಾಕುವ ಹಗ್ಗದಿಂದ ಅವನನ್ನು ಕುರ್ಚಿಗೇ ಬಿಗಿದಳು. “ಮಾಮಾ, ಕುರ್ಚಿಯ ಮುಂದಿನ ಕಾಲು ಹಿಡ್ಕೋ. ತೊಡೆ ಆಮೇಲೆ ನೋಡ್ಕೊಳ್ಳೋಣ.”

ಬೀದಿಯಲ್ಲಿ ಬೇಕರಿಯ ಮಾಡು ಹಾಗೇ ಕೆಳಗಿಳಿದಿತ್ತು. ಅದರಡಿಯಿಂದ ಬೇಕರಿಯವಳ ಹಿಟ್ಟು ಮೆತ್ತಿದ ಕೈ ಹೊರಗೆ ಚಾಚಿತ್ತು. ಹೊತ್ತ ಕುರ್ಚಿ ಇಳಿಸಿ ನಾನು ಬಗ್ಗಿ ಮುಟ್ಟಿದೆ, ಎಳೆದೆ. ಆ ಕೈ ಬರಲಿಲ್ಲ, ನನ್ನ ಕೈ ಹಿಡಿಯಲೂ ಇಲ್ಲ. ದಾಟಿದೆವು. ಅರ್ಧ ಗುಡ್ಡದಲ್ಲಿ ಬೆಲಿಸಾರಿಯೊಗೆ ಎಚ್ಚರವಾಯಿತು. ಹಿಮ್ಮಡಿಯಿಂದ ನನ್ನ ಬಾಯಿಗೆ ಒದ್ದ. ಎರಡು ಹಲ್ಲು ಅಲ್ಲೇ ಉದುರಿದವು.

“ಇಳಿಸ್ರೋ ನನ್ನ, ಕಳ್ಳನನ್ಮಕ್ಕಳಾ.”

“ಇನ್ನೊಂದೇಟು ಬೇಕಾ ಅಪ್ಪಾ?” ಎಂದಳು ಮಗಳು, ಏದುಸಿರಿನಲ್ಲಿ, ಬಲು ಮರ್ಯಾದೆಯಿಂದ.

ತುದಿ ಮುಟ್ಟುವಷ್ಟರಲ್ಲಿ ನೀರು ಬಂತು. ಅಲೆ ಎನ್ನುವಂಥ ಚಂದವೇನೂ ಅದಕ್ಕಿರಲಿಲ್ಲ. ಕಪ್ಪು ಗೋಡೆಯೊಂದು ನಡೆದು ಬಂತು, ಅಷ್ಟೇ. ದೋಣಿಗಳನ್ನು ಎತ್ತಿ ಮನೆಗಳ ಮೇಲೆ ಹಾಯಿಸಿತು. ಅವು ಮದವೇರಿದ ಗೂಳಿಗಳಂತೆ ಗುದ್ದಿ ಒಂದೊಂದೇ ಬಾಗಿಲು ಒಡೆದವು. ಮೊದಲೇ ಗುಡ್ಡ ಹತ್ತಿದ್ದವರಲ್ಲಿ ಯಾರೋ ಬೇಕರಿಯವಳ ಹೆಸರು ಕೂಗುತ್ತಿದ್ದರು. ನಾವಿಬ್ಬರೂ ತಲೆಯೆತ್ತಲಿಲ್ಲ.

ಆ ಕಪ್ಪು ನೀರು ಹಿಂದೆ ಸರಿದಾಗ ಬೆಲಿಸಾರಿಯೊನ ಮನೆ, ಒಂದು ಗೋಡೆ ಕಳೆದುಕೊಂಡೂ, ಮರದ ಚೌಕಟ್ಟಿನ ಮೇಲೆ ಇನ್ನೂ ನಿಂತಿತ್ತು. ಅದೇ ಕೆಟ್ಟದ್ದಾಯಿತು. ಗದ್ದಲದಲ್ಲಿ ಅವನು ಹಗ್ಗ ಸಡಿಲಿಸಿಕೊಂಡು, ಎದ್ದು, ಇಳಿಜಾರಿನತ್ತ ಹೊರಟಿದ್ದ.

“ಎಲ್ಲಿಗೆ?”

“ಮನೆಗೆ. ಬಂದಿದ್ದು ಹೋಯ್ತಲ್ಲ. ನನ್ನ ಉಳಿ, ಬಾಚಿ ತರ್ತೀನಿ.”

“ಇನ್ನೊಂದು ಬರತ್ತೆ.”

“ನಿನಗೆ ಹೇಳಿ ಬರತ್ತಾ?”

ಅವಳು ಓಡಿ ಹಿಂದಿನಿಂದ ಅವನ ಮಂಡಿಗೆ ಒದ್ದಳು. ಅವನು ಮುಗ್ಗರಿಸಿದ, ಹೊರಳಿ ಅವಳ ಗಂಟಲು ಹಿಡಿದ. ಇಬ್ಬರೂ ಮುಳ್ಳಿನ ಪೊದೆಗೆ ಉರುಳಿದರು. ಬಿಡಿಸಲು ಬಂದ ಪಾದ್ರಿಯ ಕನ್ನಡಕ ಹೋಯಿತು. ಕೊನೆಗೆ ಎದೆಲ್ಮಿರಾ ಅಪ್ಪನನ್ನು ಅಂಗಾತ ಕೆಡವಿ, ಅವನ ಎದೆಯ ಮೇಲೆ ಕುಳಿತಳು. ಅವಳ ಹಣೆಯ ರಕ್ತ ಅವನ ಮುಖಕ್ಕೆ ತೊಟ್ಟಿಕ್ಕುತ್ತಿತ್ತು. ಅವನು ಬೈದ, ಚಿವುಟಿದ, ಸತ್ತ ಹೆಂಡತಿಯನ್ನೂ ಸಾಕ್ಷಿಗೆ ಕರೆದ. ಅವಳು ಕಡಲಿನಿಂದ ಕಣ್ಣು ತೆಗೆಯಲಿಲ್ಲ.

ಎರಡನೆಯದು ಮೊದಲಿನದಕ್ಕಿಂತ ಎತ್ತರವಾಗಿ ಬಂತು. ಅವನು ಕತ್ತು ತಿರುಗಿಸಿ ನೋಡಿದ. ಮನೆ ಒಮ್ಮೆ ಅಲುಗಿ, ಬುಡಬಿಟ್ಟು, ಸೂರುಸಮೇತ ತೇಲುತ್ತ ಕೊಲ್ಲಿಯತ್ತ ಹೊರಟಿತು. ಕೊಲ್ಲಿಯ ಬಾಯಲ್ಲಿ ಮಡಚಿಕೊಂಡು ಮುಳುಗಿತು.

“ಏಳು ಮಗಳೇ,” ಎಂದ ಆಮೇಲೆ. “ಇನ್ನು ಇಳಿದು ಹೋಗೋಕೆ ಅಲ್ಲೇನಿದೆ?”

“ಮೂರನೇದು ಬಂದು ಹೋಗ್ಲಿ,” ಎಂದಳು ಎದೆಲ್ಮಿರಾ. ಅವನಿಗೆ ಉಸಿರಾಡಲು ಅನುವಾಗುವಂತೆ ಸ್ವಲ್ಪ ಪಕ್ಕಕ್ಕೆ ಸರಿದು ಕುಳಿತಳು.