ಮೋಡದ ಮುಂದಿನ ಬಾವುಟ

ನಮ್ಮ ಮನಿಯವ್ರಿಗೆ ಒಂದು ಹುಚ್ಚೈತಿ. ಊರೆಲ್ಲ ಮೊಬೈಲ್ ಎತ್ತಿ ಟಕ್ಕಂತ ಫೋಟೋ ಹೊಡ್ಕಂಡ್ರ, ಇವ್ರು ಮಾತ್ರ ಹಳೇ ರೇಂಜ್‌ಫೈಂಡರ್ ಕ್ಯಾಮೆರಾ ಕೊರಳಿಗೆ ಹಾಕ್ಕಂಡು, ಅದರಾಗ ಕಪ್ಪು-ಬಿಳುಪು ರೀಲು ತುಂಬಿ ಗುಡ್ಡ ಗುಡ್ಡ ತಿರಗ್ತಾರ. ವಾರೆಲ್ಲ ತೋರಣಗಲ್ಲಿನ ಉಕ್ಕಿನ ಫ್ಯಾಕ್ಟ್ರ್ಯಾಗ ಶಿಫ್ಟ್ ಮಾಡೋದು, ರಜಾ ಸಿಕ್ಕ ಕೂಡ್ಲೇ ಮೋಡ ನೋಡ್ಕಂತ ನಿಂತ್ಬಿಡೋದು. ಹೆಸರು ಮಾರುತೇಶ್. ನನ್ನ ಕೇಳಿದ್ರ ಬ್ಯಾರೆ ಹೆಸರಿಡ್ತಿದ್ದೆ.

ಆ ಕ್ಯಾಮೆರಾದಾಗ ನೋಡೋ ಕಿಂಡಿ ಒಂದು ಕಡಿಗೆ, ಲೆನ್ಸು ಒಂದು ಕಡಿಗೆ. ಲೆನ್ಸಿನ ಮುಂದ ಬಣ್ಣದ ಗಾಜು, ಅಂದ್ರ ಫಿಲ್ಟರ್, ಹಾಕಿದ್ರೂ ಕಿಂಡ್ಯಾಗ ಏನೂ ಗೊತ್ತಾಗಲ್ಲ. ಅದಕ್ಕ ಇವ್ರು ಮೊದಲು ಫಿಲ್ಟರನ್ನೇ ಕಣ್ಣಿಗೆ ಹಿಡಿದು, ಇನ್ನೊಂದು ಕಣ್ಣು ಮುಚ್ಚಿ, ಯಾವುದು ಹಾಕ್ಲಿ ಅಂತ ಆರಿಸ್ತಾರ. ಹಳದಿ ಹಿಡೀತಾರ, ಇಡ್ತಾರ. ಕಿತ್ತಳಿ ಹಿಡೀತಾರ, ಇಡ್ತಾರ. ಸೀರಿ ಅಂಗಡ್ಯಾಗ ನಾನು ಇಷ್ಟು ಹೊತ್ತು ಮಾಡಿದ್ರ ಮುಖ ಗಂಟು ಹಾಕೋ ಮನುಷ್ಯ!

ಅವತ್ತು ನಾವು ಕುರೆಕುಪ್ಪದಿಂದ ಸಂಡೂರು ಕಡಿಗೆ ಹೊಂಟಿದ್ವಿ, ನಾನು, ಇವ್ರು, ನಮ್ಮತ್ತಿ ಜಂಬಮ್ಮ. ಅತ್ತಿ ನನ್ನಪ್ಪನ ಸ್ವಂತ ಅಕ್ಕ, ಅದಕ್ಕ ನಮ್ಮಿಬ್ರ ನಡುವ ಏಕವಚನಾನೇ. ಆಕಿ ತಂಗಿ ಪಕೀರಮ್ಮನ ಊರು ಗುಡ್ಡದ ಆ ಮಗ್ಗಲಿಗೆ. ಬಸ್ಸಿಳಿದು ಕಾಲುದಾರಿ ಹಿಡಿದ್ರ ಜಲ್ದಿ ಮುಟ್ಟಬಹುದು, ಆದ್ರ ಆ ದಾರಿ ಒಂದು ಕಲ್ಲು ಕ್ವಾರಿ ಅಂಚಿಗೇ ಹೋಗ್ತೈತಿ. ಬ್ಲಾಸ್ಟ್ ಹೊಡಿಯೋ ದಿನ ಕ್ವಾರಿಯವ್ರು ದಿಬ್ಬದ ಮ್ಯಾಲ ಕೆಂಪು ಬಾವುಟ ಏರಿಸ್ತಾರ. ಬಾವುಟ ಕಂಡ್ರ ಈ ಕಡಿಗೇ ನಿಲ್ಲಬೇಕು. ಸೈರನ್ ಊದೋದು ಕಟ್ಟಕಡಿಗೆ, ಅದು ಊದಿದ ಮ್ಯಾಲ ಓಡಾಕೂ ಟೈಮಿರಲ್ಲ.

ಬಸ್ಸಿಳಿದು ಕಾಲುದಾರಿ ಹಿಡಿದ್ವಿ. ದಿಬ್ಬದ ಹಿಂದ ಹತ್ತಿ ಹಿಂಜಿ ಒಟ್ಟಿದಂಗ ದೊಡ್ಡ ಬಿಳೀ ಮೋಡ ಎದ್ದಿತ್ತು. ಮುಗೀತು, ಇವ್ರು ಅಲ್ಲೇ ನಿಂತ್ರು. ಕೆಂಪು ಫಿಲ್ಟರ್ ಕಣ್ಣಿಗೆ ಹಿಡಿದು, "ಅನ್ನಪೂರ್ಣಾ, ಇದೇ ಕರೆಕ್ಟು. ಆಕಾಶ ಕರ್ರಗಾಗಿ ಮೋಡ ಮಸ್ತ್ ಎದ್ದು ಕಾಣ್ತೈತಿ," ಅಂದ್ರು.

"ನೋಡ್ರಿ, ನೋಡ್ಕಂತನ ಇರ್ರಿ. ನಿಮ್ಮ ಚಿಕ್ಕವ್ವ ಅಡಿಗಿ ಮಾಡಿಟ್ಟು ಬಾಗಲಾಗ ಕುಂತಿರ್ತಾಳ," ಅಂತ ಬೈದು, ನಾನು ಅಂಗಾಲಾಗಿನ ಮುಳ್ಳು ಕೀಳಾಕ ಕುಂತೆ.

ಅತ್ತಿಗೆ ತಂಗಿ ಮುಖ ನೋಡೋ ಅವಸರ. "ಲೇ ಮಾರುತಿ, ಬಾವುಟ ಐತೇನೋ?" ಅಂತ ಕೇಳಿದ್ಲು.

"ಇಲ್ಲವ್ವ, ನೀ ಹೋಗ್ತಿರು. ಹಿಂದೇ ಬರ್ತೀವಿ," ಅಂದ್ರು ಇವ್ರು. ಗಾಜು ಕಣ್ಣಿಂದ ಇಳಿಸ್ಲಿಲ್ಲ.

ಆಕಿ ಹೋದ್ಲು. ನಾನು ಮುಳ್ಳು ಕಿತ್ತು ತಲಿ ಎತ್ತಿದೆ. ಬಿಳೀ ಮೋಡದ ಮುಂದ, ಕಂಬದ ತುದಿಗೆ, ಕೆಂಪು ಬಾವುಟ ಪಟಪಟ ಅಂತಿತ್ತು.

"ಏನ್ರೀ! ಬಾವುಟ ಐತಲ್ರೀ!"

"ಎಲ್ಲೈತಿ? ಬರೇ ಕಂಬ ಐತಿ," ಅಂದ್ರು. ಗಾಜು ಇನ್ನೂ ಕಣ್ಣಿಗೇ ಇತ್ತು.

ಅವರ ಕೈಗೆ ಪಟ್ಟಂತ ಹೊಡೆದೆ. ಗಾಜು ಕೆಳಗ ಬಿತ್ತು. ಬರಿಗಣ್ಣಿಲೆ ನೋಡಿದ್ರು, ಮುಖದಾಗ ರಕ್ತಾನೇ ಇಲ್ಲದಂಗಾತು. ಕೆಂಪು ಗಾಜಿನಾಗ ಬಿಳೀ ಮೋಡಾನೂ ಕೆಂಪಾಗಿ, ಕೆಂಪು ಅರಿವಿ ಅದರ ಜೋಡಿ ಕೂಡಿ ಹೋಗಿತ್ತು. ಕೆಂಪು ಫಿಲ್ಟರ್ ಫೋಟೋದಾಗ ಕೆಂಪನ್ನ ಬೆಳ್ಳಗ ಮಾಡ್ತೈತಿ ಅಂತ ನನಗ ಬ್ಯಾಸರ ಬರೋವಷ್ಟು ಪಾಠ ಹೇಳಿದ ಮನುಷ್ಯ, ಅಯ್ಯೋ ದೇವ್ರೇ, ತಾನೇ ಮರ್ತಿದ್ರು.

ಅತ್ತಿ ಆಗಲೇ ತಿರುವು ದಾಟಿದ್ಲು. "ಯವ್ವಾ! ಯವ್ವಾ!" ಅಂತ ಇವ್ರು ಒದರಿದ್ರು. ಗಾಳಿ ಎದುರಿಗೆ ಬೀಸ್ತಿತ್ತು, ದನಿ ನಮ್ಮ ಮುಖಕ್ಕೇ ವಾಪಸ್ ಬಂತು. ಆಕಿ ಫೋನು ನನ್ನ ಚೀಲದಾಗಿತ್ತು.

"ನೀ ಅವ್ವನ್ನ ಹಿಡಿ, ನಾ ಕ್ವಾರಿಯವ್ರನ್ನ ನಿಲ್ಲಸ್ತೀನಿ," ಅಂತ ಇವ್ರು ದಿಬ್ಬದ ಕಡಿಗೆ ಓಡಿದ್ರು.

ನಾನು ಸೀರಿ ಎತ್ತಿ ಕಟ್ಟಿ ಕಾಲುದಾರ್ಯಾಗ ಓಡಿದೆ. ದೇವ್ರೇ ಪಂಪಾಪತಿ, ಆಕಿ ಚಪ್ಪಲಿ ಹರೀಲಿ, ಎಲ್ಲೇರ ಸುಸ್ತಾಗಿ ಕುಂದರ್ಲಿ ಅಂತ ಬೇಡ್ಕಂತ ಓಡಿದೆ. ತಿರುವು ದಾಟಿದ್ರ, ಆಕಿ ಕ್ವಾರಿ ಅಂಚಿನಾಗ ತಲಿ ಮ್ಯಾಲ ಸೆರಗು ಹೊದ್ದು ದುಡುದುಡು ಹೊಂಟಾಳ. ಹೋಗಿ ರಟ್ಟಿ ಹಿಡಿದು ಎಳೆದೆ.

"ಏನಾತು? ಹಿಂಗ್ಯಾಕ ಎಳೀತಿ?" ಅಂದ್ಲು. ಅಷ್ಟರಾಗ ಸೈರನ್ ಊದಾಕ ಹತ್ತಿತು.

ಹಿಂದಕ್ಕ ಓಡೋ ಹೊತ್ತಿರಲಿಲ್ಲ. ದಾರಿ ಬದಿಗೆ ಒಂದು ದೊಡ್ಡ ಗುಂಡುಕಲ್ಲಿತ್ತು. ಅದರ ಮರಿಗೆ ಆಕಿನ್ನ ನೂಕಿ, ತಲಿ ಬಗ್ಗಿಸಿ, ಮ್ಯಾಲ ನಾನು ಬಿದ್ದೆ. ಸೈರನ್ ನಿಂತು ಬಿಡ್ತು. ಆಮ್ಯಾಗ ಎಲ್ಲಾ ಸುಮ್ಮನಾತಲ್ಲ, ಅಂಥಾ ಹೆದರಿಕಿ ನಾನು ಹುಟ್ಟಿದಾಗಿಂದ ಕಂಡಿಲ್ಲ. ಆಕಿ ಎದಿ ಬಡ್ಕಳ್ಳೋದು ನನ್ನ ಹೊಟ್ಟಿಗೆ ಬಡೀತಿತ್ತು.

ನೆಲ ಎದ್ದು ಬಿದ್ದಂಗಾತು. ಸಿಡಿದ ಕಲ್ಲು ಗುಂಡುಕಲ್ಲಿನ ಆ ಕಡಿಗೆ ಪಟಪಟ ಬಡಿದ್ವು. ಒಂದು ಕೊಡದಷ್ಟು ದೊಡ್ಡದು ಬಂದು, ನಾನು ಆಕಿ ರಟ್ಟಿ ಹಿಡಿದಿದ್ದ ಜಾಗಕ್ಕೇ ಬಿತ್ತು.

ಧೂಳು ಇಳಿಯಾಕ ಹತ್ತಿತು. ಆಮ್ಯಾಗ ನನಗ ಸಿಟ್ಟು ಬಂತು. "ಬಾವುಟ ಇತ್ತತ್ತೀ! ಅವ್ರಿಗೆ ಕಾಣ್ಲಿಲ್ಲ, ನಿನಗಾರ ಕಾಣ್ಲಿಲ್ಲೇನು?"

"ಕಂಡಿತ್ತು," ಅಂದ್ಲು.

"ಏನು?"

"ಕೆಂಪಗ ಕಂಡಿತ್ತವ್ವಾ. ಅದಕ್ಕೇ ಕೇಳಿದೆ. ಅಂವ ಇಲ್ಲ ಅಂದ. ಅಷ್ಟು ಗಾಜು ಹಿಡಿದು ನೋಡಾಂವ ಸುಳ್ಳು ಹೇಳ್ತಾನೇನು? ನನ್ನ ಕಣ್ಣೇ ಹೋದ್ವು ಅನ್ಕಂಡೆ." ಹಂಗಂದಾಕಿ ದಿಗಿಲುಬಿದ್ದು ಎದ್ದ್ಲು. "ಅಂವ ಎಲ್ಲಿ?"

ನನ್ನ ಜೀವಾನೇ ಹಾರಿತು. ಇವ್ರು ದಿಬ್ಬದ ಕಡಿಗೇ ಓಡಿದ್ರಲ್ಲ. ಇಬ್ರೂ ಕೈ ಕೈ ಹಿಡ್ಕಂಡು ಧೂಳಿನಾಗ ಕಣ್ಣು ಕಿರಿದು ಮಾಡಿ ನಿಂತ್ವಿ. ಕಡಿಗೆ, ಬೂದಿ ಬಡ್ಕಂಡಂಗ, ಇವ್ರು ಬಂದ್ರು. ಹಿಂದ ಕ್ವಾರಿ ವಾಚ್‌ಮನ್ ಬಾಯಿಗೆ ಬಂದಂಗ ಬೈತಿದ್ದ. ದಾರಿಗೆ ಅಡ್ಡ ಇಟ್ಟ ತಡೆಗಲ್ಲಿನ ಹತ್ರ ಅಂವನೇ ಇವ್ರ ಕಾಲರ್ ಹಿಡಿದು ಕೆಡವಿಕೊಂಡಿದ್ನಂತ.

ಇವ್ರು ಅವ್ವನ ಕಾಲು ಹಿಡ್ಕಂಡು ಕುಂತ್ರು. "ನಾನೇ ಕೊಂದಿದ್ನೆವ್ವಾ ನಿನ್ನ. ನಾನೇ ಹೋಗು ಅಂದೆ."

"ಹುಚ್ಚಪ್ಪ, ಸುಮ್ಮನಿರು," ಅಂತ ಆಕಿ ಸೆರಗಿಲೆ ಮಗನ ಮುಖ ಒರೆಸಿದ್ಲು. "ನಿಂದೇನು ತಪ್ಪು? ಆ ಬಿಸಿಲಾಗ ನನಗೂ ಏನೂ ಕಾಣ್ಲಿಲ್ಲ. ಕೇಳು ಬೇಕಾದ್ರ ಇಕಿನ್ನ."

ಇವ್ರು ನನ್ನ ಮುಖ ನೋಡಿದ್ರು. ನನ್ನ ನಾಲಿಗಿ ಎಂದೂ ಸುಮ್ಮನಿದ್ದದ್ದಲ್ಲ. ಆಕಿ ಸೆರಗಿನ ಕೆಳಗ ನನ್ನ ಕೈ ಗಟ್ಟಿ ಹಿಡಿದ್ಲು.

"ಹೌದ್ರಿ," ಅಂದೆ. "ಅತ್ತಿಗೂ ಕಾಣ್ಲಿಲ್ಲಂತ."

ಆಕಿ ಕೈ ಬಿಡ್ಲಿಲ್ಲ.