ರೈಲು ಡ್ರೈವರ್ ಕೊಂಡ ಕಾರು

ಸಿದ್ದಬಸಪ್ಪನವರು ಕಾರು ಕೊಳ್ಳುತ್ತಾರಂತೆ ಎಂಬ ಸುದ್ದಿ ಅರಸೀಕೆರೆಯ ಅವರ ಬೀದಿಯಲ್ಲಿ ಹರಡಿದಾಗ ಮೊದಲು ನಕ್ಕವರು ಅವರ ಹೆಂಡತಿ ದೇವೀರಮ್ಮನವರೇ. ಆಯುಷ್ಯವೆಲ್ಲ ರೈಲು ಓಡಿಸಿದ ಮನುಷ್ಯ. ಗೂಡ್ಸಿನಿಂದ ಹಿಡಿದು ಎಕ್ಸ್‌ಪ್ರೆಸ್ಸಿನವರೆಗೆ ಯಾವ ಗಾಡಿ ಕೊಟ್ಟರೂ ಹುಬ್ಬಳ್ಳಿಗೋ ಬೆಂಗಳೂರಿಗೋ ಮುಟ್ಟಿಸಿ ಬಂದವರು. ಆದರೆ ಒಂದು ಸೈಕಲ್ಲಿನ ಹ್ಯಾಂಡಲ್ಲನ್ನು ಅವರು ನೆಟ್ಟಗೆ ಹಿಡಿದದ್ದನ್ನು ಆಕೆ ನೋಡಿರಲಿಲ್ಲ.

"ಹಳಿ ತಿರುಗಿದ ಕಡೆ ತಿರುಗಿ ಅಭ್ಯಾಸ ನಿಮಗೆ. ರಸ್ತೇಲಿ ನಿಮಗೆ ಯಾರು ಹಳಿ ಹಾಕಿಕೊಡ್ತಾರೆ?" ಎಂದು ಕೇಳಿದ್ದರು.

ಸಿದ್ದಬಸಪ್ಪ ನಿವೃತ್ತಿಯಾಗಿ ಆರೇಳು ತಿಂಗಳಿಗೇ, ಅರವತ್ತು ದಾಟಿದ ವಯಸ್ಸಿನಲ್ಲಿ, ಡ್ರೈವಿಂಗ್ ಸ್ಕೂಲಿಗೆ ಸೇರಿದರು. ಮೊದಲ ವಾರ ತಿರುವು ಬಂದಾಗಲೆಲ್ಲ ಸುಮ್ಮನೆ ಮುಂದೆ ನೋಡುತ್ತಾ ಕೂತಿರುತ್ತಿದ್ದರಂತೆ. ಕಲಿಸುವವನು "ಸ್ಟೇರಿಂಗು ಸಾರ್, ಸ್ಟೇರಿಂಗು!" ಎಂದು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡನಂತೆ. ಇದನ್ನೆಲ್ಲ ಬೀದಿಯವರು ಬಂದು ಹೇಳಿದಾಗ ದೇವೀರಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದರು. ಅಂತೂ ಲೈಸೆನ್ಸು ಬಂತು.

ಕಾರಿನ ಮಾತಿಗೆ ಕಾರಣ ದೇವೀರಮ್ಮನವರೇ ಆಗಿದ್ದರು. ಅವರ ತವರು ಬಿಕ್ಕೋಡಿನ ಹತ್ತಿರ. ಹೋಗಬೇಕೆಂದರೆ ಹಳೇಬೀಡಿನವರೆಗೆ ಒಂದು ಬಸ್ಸು, ಅಲ್ಲಿಂದ ಬೇಲೂರಿಗೆ ಇನ್ನೊಂದು, ಅಲ್ಲಿಂದ ಮುಂದಕ್ಕೆ ಬಸ್ಸು ಸಿಕ್ಕರೆ ಬಸ್ಸು, ಇಲ್ಲದಿದ್ದರೆ ಜನ ತುಂಬಿದ ಜೀಪು. ಮಂಡಿನೋವು ಬಂದ ಮೇಲೆ ಜೀಪು ಹತ್ತುವುದು ಅವರಿಂದ ಆಗುತ್ತಿರಲಿಲ್ಲ. ಹಿಂದಿನ ವರ್ಷ ಬೇಲೂರಿನ ಬಸ್‌ಸ್ಟ್ಯಾಂಡಿನಲ್ಲಿ ಮಧ್ಯಾಹ್ನವೆಲ್ಲ ಕೂತು, ಬಸ್ಸು ಬಾರದೆ, ಅಣ್ಣನ ಮನೆಯ ಗೃಹಪ್ರವೇಶಕ್ಕೆ ಹೋಗದೆ ವಾಪಸು ಬಂದಿದ್ದರು. ಅವತ್ತು ಚಪ್ಪಲಿ ಬಿಡುತ್ತಾ "ನಮ್ದೂ ಅಂತ ಒಂದು ಗಾಡಿ ಇದ್ದಿದ್ರೆ" ಎಂದದ್ದು ಅವರಿಗೇ ಮರೆತುಹೋಗಿತ್ತು. ಗಂಡನಿಗೆ ಮರೆತಿರಲಿಲ್ಲ.

ಇಬ್ಬರು ಹೆಣ್ಣುಮಕ್ಕಳ ಮದುವೆ, ಮನೆಯ ಖರ್ಚು ಎಲ್ಲ ಕಳೆದು ಕೈಯಲ್ಲಿ ಉಳಿದದ್ದು ಹೊಸ ಕಾರಿನ ಹತ್ತಿರಕ್ಕೂ ಹೋಗುವಂತಿರಲಿಲ್ಲ. ಹಳೆಯದನ್ನೇ ನೋಡಬೇಕು, ಅದರಲ್ಲೂ ಪದೇ ಪದೇ ಗ್ಯಾರೇಜಿಗೆ ಹೋಗುವಂಥದ್ದಾಗಬಾರದು. ಹಾಗೆ ಅವರ ಹುಡುಕಾಟ ಶುರುವಾಯಿತು. ಹೋದಲ್ಲೆಲ್ಲ ದೇವೀರಮ್ಮನೂ ಜೊತೆಗಿದ್ದರು.

ಅರಸೀಕೆರೆಯ ದಲ್ಲಾಳಿಯೊಬ್ಬ ತೋರಿಸಿದ ಕಾರು ಮದುವಣಗಿತ್ತಿಯ ಹಾಗೆ ಮಿರಮಿರ ಮಿಂಚುತ್ತಿತ್ತು. ಸೀಟಿಗೆ ಹೊಸ ಕವರು, ಒಳಗೆ ಟೇಪ್ ರೆಕಾರ್ಡರು. ದೇವೀರಮ್ಮನಿಗೆ ನೋಡಿದ ಕೂಡಲೇ ಹಿಡಿಸಿತು. ಸಿದ್ದಬಸಪ್ಪ ಬಣ್ಣವನ್ನೂ ನೋಡಲಿಲ್ಲ, ಟೇಪನ್ನೂ ಕೇಳಲಿಲ್ಲ. ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ಆಮೇಲೆ "ಶುರು ಮಾಡಿ" ಎಂದರು. ಶುರುವಾಯಿತು. "ಆರಿಸಿ" ಎಂದರು. "ಇನ್ನೊಂದ್ಸಲ ಶುರು ಮಾಡಿ." ಹೀಗೆ ಆರಿಸುವುದು, ಶುರು ಮಾಡುವುದು, ಮತ್ತೆ ಆರಿಸುವುದು ನಡೆದೇ ನಡೆಯಿತು. ಕೊನೆಗೊಮ್ಮೆ ಎಂಜಿನ್ನು ಕೆಮ್ಮಿ ಸುಮ್ಮನಾಯಿತು. "ದಾರೀಲಿ ಎಲ್ಲಾದ್ರೂ ನಿಂತಿದ್ದುಂಟಾ?" ಎಂದು ಸಿದ್ದಬಸಪ್ಪ ಕೇಳಿದಾಗ ದಲ್ಲಾಳಿಗೆ ಸಿಟ್ಟು ಬಂತು.

"ಈ ಥರ ಮಾಡಿದ್ರೆ ಯಾವ ಗಾಡಿ ತಡ್ಕೊಂಡೀತು ಯಜಮಾನ್ರೆ? ಇದು ಇದುವರೆಗೂ ದಾರೀಲಿ ನಿಂತಿದ್ದೇ ಇಲ್ಲ ಕಣ್ರೀ."

"ಆಗ್ಲಿ ಬುಡಪ್ಪ" ಎಂದು ಸಿದ್ದಬಸಪ್ಪ ಚಪ್ಪಲಿ ಮೆಟ್ಟಿದರು.

ಬೇಲೂರಿನಲ್ಲಿ ದೇವಸ್ಥಾನ ನೋಡಲು ಬರುವವರಿಗೆ ಬಾಡಿಗೆಗೆ ಓಡಿದ ಕಾರೊಂದಿತ್ತು. ಇವರು ತಲುಪುವ ಹೊತ್ತಿಗೆ ಅದರ ಬಾನೆಟ್ಟು ಬಿಸಿಯಾಗಿತ್ತು. "ಯಾಕೆ ಬಿಸಿ ಐತೆ?" ಎಂದು ಕೇಳಿದರೆ ಮಾಲೀಕ "ಈಗಷ್ಟೇ ಒಂದು ರೌಂಡು ಹೋಗ್ಬಂದೆ" ಎಂದ. ಸಿದ್ದಬಸಪ್ಪ ಎದುರಿನ ಹೋಟೆಲಿನಲ್ಲಿ ಹೆಂಡತಿಗೆ ದೋಸೆ ತಿನ್ನಿಸಿ, ಎಂಜಿನ್ನು ತಣ್ಣಗಾಗುವವರೆಗೆ ಕಾದು, ಮತ್ತೆ ಬಂದು ಶುರು ಮಾಡಿಸಿದರು. ಆಗಲಿಲ್ಲ. ತಳ್ಳಲು ಇಬ್ಬರು ಬೇಕಾಯಿತು. ಅದೇ ಪ್ರಶ್ನೆಗೆ ಆ ಮಾಲೀಕನೂ ಅದೇ ಮಾತು ಹೇಳಿದ: "ದಾರೀಲಿ ನಿಂತಿದ್ದೇ ಇಲ್ಲ."

ಇನ್ನೂ ಒಂದೆರಡು ಕಡೆ ಇದೇ ಆಯಿತು. ದೇವೀರಮ್ಮನಿಗೆ ಸಾಕಾಗಿಹೋಯಿತು. ಒಂದು ಸಂಜೆ ಅಕ್ಕಿ ಆರಿಸುತ್ತಾ ಕೇಳಿಯೇಬಿಟ್ಟರು.

"ಹಳೇ ಗಾಡಿ ಅಂದ್ಮೇಲೆ ಎಲ್ಲೋ ಒಂದ್ಸಲ ನಿಲ್ಲುತ್ತಪ್ಪ. ನಿಂತ್ರೆ ಇಳಿದು ತಳ್ಳೋದು. ಅದಕ್ಕೆ ಇಷ್ಟೊಂದು ಯಾಕೆ?"

"ನಿಂಗೆ ಗೊತ್ತಾಗಕಿಲ್ಲ ಕಣೇ" ಎಂದು ಅವರು ಪೇಪರು ಎತ್ತಿಕೊಂಡರು. ದೇವೀರಮ್ಮ ಅಷ್ಟಕ್ಕೇ ಬಿಟ್ಟರು. ರೈಲಿನ ವಿಷಯವನ್ನೂ ಮನೆಯೊಳಗೆ ತರುವ ಅಭ್ಯಾಸ ಗಂಡನಿಗೆ ಮೊದಲಿಂದಲೂ ಇರಲಿಲ್ಲ. ಡ್ಯೂಟಿಗೆ ಹೋಗುತ್ತಿದ್ದರು, ಬರುತ್ತಿದ್ದರು, ಉಂಡು ಮಲಗುತ್ತಿದ್ದರು. ನಡುವೆ ಏನಾಯಿತೆಂದು ಆಕೆ ಕೇಳುವುದನ್ನೂ ಎಂದೋ ಬಿಟ್ಟಿದ್ದರು.

ಹಳೇಬೀಡಿನ ಕಾರಿನ ವಿಷಯ ತಿಳಿದದ್ದು ಆಮೇಲೆ. ಕಾಲೇಜಿನಲ್ಲಿ ಪಾಠ ಹೇಳುವ ಲಕ್ಷ್ಮೀಶ ಎಂಬುವವರಿಗೆ ಬೀದರಿಗೆ ವರ್ಗವಾಗಿತ್ತು. ಅಷ್ಟು ದೂರ ಕಾರು ಒಯ್ಯುವ ಮನಸ್ಸಿಲ್ಲದೆ ಮಾರಲು ಹೊರಟಿದ್ದರು. ಮನೆ ಬಸ್ತಿಹಳ್ಳಿಯ ಕಡೆಗೆ ಹೋಗುವ ರಸ್ತೆಯಲ್ಲಿತ್ತು. ದೇವೀರಮ್ಮ, ಸಿದ್ದಬಸಪ್ಪ ಬೆಳಗಿನ ಬಸ್ಸಿಗೇ ಹೋಗಿ ಇಳಿದರು. ನೀಲಿ ಬಣ್ಣದ ಮಾರುತಿ ಹೊಂಗೆ ಮರದ ಕೆಳಗೆ ನಿಂತಿತ್ತು. ರಾತ್ರಿ ಉದುರಿದ ಹೂವು ಮೇಲೆಲ್ಲ ಹರಡಿಕೊಂಡಿತ್ತು, ಯಾರೂ ಒರೆಸಿರಲಿಲ್ಲ. ಒಂದು ಬದಿಯ ಬಾಗಿಲು ನೆಗ್ಗಿತ್ತು.

ಲಕ್ಷ್ಮೀಶನ ತಾಯಿ ಮಾರಮ್ಮ ಬಾಗಿಲಿಗೆ ಬಂದು "ಬನ್ನಿ ಕಣವ್ವ, ಒಳೀಕ್ ಬನ್ನಿ" ಎಂದು ಕರೆದರು. ನಡುಮನೆಯ ಗೋಡೆಯ ಮೇಲೆ ಬುದ್ಧನದ್ದೂ ಅಂಬೇಡ್ಕರರದ್ದೂ ಫೋಟೋ ಇತ್ತು. ಮಾರಮ್ಮ ನೀರಿನ ಲೋಟ ಹಿಡಿದು ಒಂದು ಕ್ಷಣ ಅನುಮಾನದಿಂದ ನಿಂತರು. ದೇವೀರಮ್ಮನೇ ಕೈಚಾಚಿ ಲೋಟ ತೆಗೆದುಕೊಂಡು ಕುಡಿದು, "ಕಾಫಿ ಕೊಟ್ರೆ ಅದನ್ನೂ ಕುಡೀತೀನಿ ಕಣಕ್ಕ, ಬೆಳಗ್ಗೇನೇ ಎದ್ದು ಬಂದಿದ್ದೀವಿ" ಎಂದರು. ಮಾರಮ್ಮನ ಮುಖ ಅರಳಿತು.

ಹೊರಗೆ ಸಿದ್ದಬಸಪ್ಪ ಬಾನೆಟ್ಟಿನ ಮೇಲಿನ ಹೂ ಸರಿಸಿ ಅಂಗೈ ಇಟ್ಟಿದ್ದರು. ತಣ್ಣಗಿತ್ತು. ಲಕ್ಷ್ಮೀಶ ಕೀ ತಿರುಗಿಸಿದ ಕೂಡಲೇ ಶುರುವಾಯಿತು. ಆರಿಸಿ ಶುರು ಮಾಡಿದರು, ಮತ್ತೆ ಆರಿಸಿ ಶುರು ಮಾಡಿದರು. ಪ್ರತಿಸಲವೂ ಶುರುವಾಯಿತು. ಬಸ್ತಿಹಳ್ಳಿಯ ಬಸದಿಗಳವರೆಗೆ ಹೋಗಿ ಬಂದರು, ಬಂದ ಮೇಲೆ ಬಿಸಿ ಎಂಜಿನ್ನನ್ನೂ ಹಾಗೇ ಪರೀಕ್ಷೆ ಮಾಡಿದರು. ಕಾಫಿ ಲೋಟ ಹಿಡಿದು ಜಗುಲಿಗೆ ಬಂದ ದೇವೀರಮ್ಮನಿಗೆ ಈ ಕಾರು ಆಯಿತು ಅನ್ನಿಸಿತು. ಅಷ್ಟರಲ್ಲಿ ಗಂಡ ಆ ಪ್ರಶ್ನೆ ಕೇಳಿಯೇ ಕೇಳಿದರು.

"ಮೇಷ್ಟ್ರೇ, ಇದು ಎಲ್ಲಾದ್ರೂ ದಾರೀಲಿ ನಿಂತಿದ್ದುಂಟಾ?"

"ಉಂಟು ಸರ್" ಎಂದರು ಲಕ್ಷ್ಮೀಶ. "ಎರಡು ವರ್ಷದ ಹಿಂದೆ, ಜಾವಗಲ್ ರಸ್ತೇಲಿ, ಜೋರು ಮಳೆ. ಒಳಗೆ ನೀರು ಹೋಗಿ ಕರೆಂಟು ಹರೀಲಿಲ್ಲ. ಅಮ್ಮನ್ನ ಕೂರಿಸ್ಕೊಂಡು ಒಂದು ಗಂಟೆ ಹೊತ್ತು ಅಲ್ಲೇ ಇದ್ವಿ. ಆಮೇಲೆ ಆ ಭಾಗ ಹೊಸದು ಹಾಕಿಸ್ದೆ. ಅಲ್ಲಿಂದೀಚೆಗೆ ನಿಂತಿಲ್ಲ. ಆದ್ರೆ ಇನ್ನು ಮುಂದೆ ನಿಲ್ಲೋದೇ ಇಲ್ಲ ಅಂತ ನಾನು ಹೆಂಗೆ ಹೇಳ್ಲಿ? ಮಳೆಗಾಲದಲ್ಲಿ ಸ್ವಲ್ಪ ನೋಡ್ಕೊಂಡು ಓಡಿಸ್ಬೇಕು. ಬಾಗಿಲಿನ ನೆಗ್ಗೂ ನಾನೇ ಮಾಡಿದ್ದು, ಗೇಟಿಗೆ ತಗುಲಿಸ್ದೆ."

ದೇವೀರಮ್ಮ ಕಣ್ಣು ಮುಚ್ಚಿಕೊಂಡರು. ಆಯಿತು, ಇದೂ ಹೋಯಿತು ಅಂದುಕೊಂಡರು. ಆದರೆ ಸಿದ್ದಬಸಪ್ಪ ಚಪ್ಪಲಿ ಮೆಟ್ಟಲಿಲ್ಲ. ಜಗುಲಿಯ ಅಂಚಿಗೆ ಬಂದು ಕೂತರು.

"ಇಷ್ಟು ಕಡೆ ಕೇಳ್ದೆ ಮೇಷ್ಟ್ರೇ. ನಿಂತಿತ್ತು ಅಂತ ಹೇಳಿದೋರು ನೀವೊಬ್ರೇ" ಎಂದರು. ಆಮೇಲೆ ಯಾರೂ ಕೇಳದೆ, ತಾವಾಗಿ ಹೇಳತೊಡಗಿದರು.

"ನಾನು ಆಗಿನ್ನೂ ಗೂಡ್ಸ್ ಓಡಿಸ್ತಿದ್ದೆ. ಬೀರೂರು ದಾಟಿ ಮುಂದೆ ಒಂದು ಕಡೆ ಗೇಟಿಲ್ಲದ ದಾರಿ, ಹಳಿಗೆ ಅಡ್ಡ ಐತೆ. ತಿರುವಿನಲ್ಲಿ ಬಂದು ನೋಡ್ತೀನಿ, ಹಳಿ ಮ್ಯಾಲೆ ಒಂದು ಕಾರು ನಿಂತೈತೆ. ಬ್ರೇಕ್ ಹಾಕ್ದೆ, ಸೀಟಿ ಹಾಕ್ದೆ. ಗೂಡ್ಸು ಅಂದ್ರೆ ಹಾಕಿದ ಜಾಗದಲ್ಲಿ ನಿಲ್ಲುತ್ತಾ? ಹೆಂಗಸು, ಮಗು ಇಳಿದು ಆಚೆ ಓಡಿದ್ರು. ಆ ಮನುಷ್ಯ ಇಳೀಲಿಲ್ಲ. ಕೀ ತಿರುಗಿಸ್ತಾನೇ ಇದ್ದ. ಈಗ ಶುರುವಾಗುತ್ತೆ, ಈಗ ಶುರುವಾಗುತ್ತೆ ಅಂತ. ಹತ್ರ ಹತ್ರ ಹೋದಂಗೆ ನಂಗೆ ಅವನ ಕೈ ಕಾಣ್ತಿತ್ತು."

ಮಾರಮ್ಮ ಬಾಗಿಲಲ್ಲೇ ನಿಂತುಬಿಟ್ಟರು.

"ವಿಚಾರಣೆ ಮಾಡಿದ್ರು. ನಿನ್ನ ತಪ್ಪೇನಿಲ್ಲ ಅಂದ್ರು. ತಪ್ಪಿರಲಿಲ್ಲ, ನಂಗೂ ಗೊತ್ತು. ಆದ್ರೂ ಆ ಕೈ ಹೋಗ್ಲಿಲ್ಲ ಕಣ್ಣಿಂದ."

"ಯಾವಾಗ ಇದು?" ಎಂದರು ದೇವೀರಮ್ಮ. ಅವರ ದನಿ ಅವರಿಗೇ ಬೇರೆಯಾಗಿ ಕೇಳಿಸಿತು.

"ಚಿಕ್ಕವಳ ನಾಮಕರಣದ ಹಿಂದಿನ ದಿನ."

ದೇವೀರಮ್ಮನಿಗೆ ಆ ನಾಮಕರಣ ಚೆನ್ನಾಗಿ ನೆನಪಿತ್ತು. ಮನೆ ತುಂಬ ನೆಂಟರು. ಗಂಡ ಡ್ಯೂಟಿಯಿಂದ ತಡವಾಗಿ ಬಂದು, ಮಗುವನ್ನು ಎತ್ತಿಕೊಂಡು ಫೋಟೋಗೆ ನಿಂತು, ಹೋಳಿಗೆ ಬಡಿಸಿದರೆ ತಲೆಯೆತ್ತದೆ ಉಂಡು, ಒಳಗೆ ಹೋಗಿ ಮಲಗಿದ್ದರು. ಮಾರನೆಯ ದಿನವೂ ಎದ್ದಿರಲಿಲ್ಲ. ಜ್ವರ ಇರಬೇಕೆಂದು ಆಕೆ ಮೆಣಸಿನ ಕಷಾಯ ಮಾಡಿ ಕುಡಿಸಿದ್ದರು. "ನೆಂಟರ ಮುಂದೆ ಮುಖ ಗಂಟು ಹಾಕ್ಕೊಂಡು ಮಾನ ಕಳೆದ್ರಿ" ಎಂದು ಬೈದೂ ಇದ್ದರು.

ಇಷ್ಟು ವರ್ಷ ತನಗೆ ಹೇಳದ್ದನ್ನು ಗುರುತು ಪರಿಚಯವಿಲ್ಲದ ಮನೆಯ ಜಗುಲಿಯಲ್ಲಿ ಕೂತು ಹೇಳಿದರಲ್ಲ ಎಂದು ದೇವೀರಮ್ಮನಿಗೆ ಮೊದಲು ನೋವಾಯಿತು. ಆಮೇಲೆ ಗಂಡನ ಮುಖ ನೋಡಿದರು. ಭಾರದ ಮೂಟೆಯನ್ನು ಇಳಿಸಿ ಬೆನ್ನು ನೆಟ್ಟಗೆ ಮಾಡಿಕೊಂಡವನ ಹಾಗಿತ್ತು ಆ ಮುಖ. ನೋವು ನಿಲ್ಲಲಿಲ್ಲ, ಆದರೆ ಸಿಟ್ಟಾಗಿ ಬೆಳೆಯಲೂ ಇಲ್ಲ.

ಮಾರಮ್ಮ ದೇವೀರಮ್ಮನ ಪಕ್ಕದಲ್ಲಿ ಬಂದು ಕೂತು "ಗಂಡಸ್ರು ಹಿಂಗೇ ಕಣವ್ವ. ಒಳಗೇ ಇಟ್ಕಂಡು ಸಾಯ್ತವೆ" ಎಂದು ಮೆಲ್ಲಗೆ ಹೇಳಿದರು.

ಬೆಲೆಯ ಮಾತು ಬೇಗ ಮುಗಿಯಿತು. ಲಕ್ಷ್ಮೀಶ ಹೇಳಿದ್ದು ಇವರ ಕೈಯಲ್ಲಿದ್ದದ್ದಕ್ಕಿಂತ ಸ್ವಲ್ಪ ಮೇಲಿತ್ತು. ಸಿದ್ದಬಸಪ್ಪ ತಮ್ಮಲ್ಲಿರುವುದು ಇಷ್ಟೇ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಲಕ್ಷ್ಮೀಶ ತಾಯಿಯ ಮುಖ ನೋಡಿದರು. "ಕೊಡು ಕಣ್ಲಾ, ಚೆನ್ನಾಗಿ ನೋಡ್ಕೋತಾರೆ" ಎಂದರು ಮಾರಮ್ಮ. ಅಲ್ಲಿಗೆ ಆಯಿತು. ಮುಂದಿನ ವಾರ ಹಾಸನದ ಆರ್.ಟಿ.ಒ. ಕಚೇರಿಯಲ್ಲಿ ಕಾಗದಪತ್ರ ಮುಗಿಸಿ, ಹಳೇಬೀಡಿಗೆ ಬಂದು ಕಾರು ಪಡೆದುಕೊಂಡರು. "ಅರಸೀಕೆರೆವರೆಗೂ ನಾನೇ ಬಂದು ಬಿಡ್ಲಾ ಸರ್?" ಎಂದು ಲಕ್ಷ್ಮೀಶ ಕೇಳಿದ್ದಕ್ಕೆ ಸಿದ್ದಬಸಪ್ಪ ಬೇಡವೆಂದರು. ಮಾರಮ್ಮ ಒಂದು ಚೀಲ ಮಾವಿನಕಾಯಿ ತಂದು ಹಿಂದಿನ ಸೀಟಿನಲ್ಲಿಟ್ಟರು.

ದಾರಿಯುದ್ದಕ್ಕೂ ಸಿದ್ದಬಸಪ್ಪ ನಿಧಾನವಾಗಿ ಓಡಿಸಿದರು. ತಿರುವುಗಳಲ್ಲಿ ಸ್ಟೇರಿಂಗು ಮರೆಯಲಿಲ್ಲ. ಜಾವಗಲ್ಲಿನಲ್ಲಿ ಎಳನೀರು ಕುಡಿದರು. ರಾಗಿ ಹೊಲ, ತೆಂಗಿನ ತೋಟ ಒಂದರ ಹಿಂದೊಂದು ಹಿಂದೆ ಸರಿಯುತ್ತಿದ್ದವು. ದೇವೀರಮ್ಮ ಕಿಟಕಿಗೆ ಮೊಣಕೈ ಊರಿ, ಬಸ್ಸಿನಲ್ಲಿ ಎಂದೂ ಸಿಗದ ಗಾಳಿಯನ್ನು ಅನುಭವಿಸುತ್ತಾ ಕೂತಿದ್ದರು.

ಅರಸೀಕೆರೆಯಲ್ಲಿ ಅವರ ಬಡಾವಣೆಗೆ ಹೋಗಬೇಕೆಂದರೆ ರೈಲ್ವೆ ಗೇಟು ದಾಟಬೇಕು. ಕಲಿಯುವಾಗ ಗೇಟು ಬಂದರೆ ಕಲಿಸುವವನೇ ದಾಟಿಸುತ್ತಿದ್ದನಂತೆ. ಇವರು ಬಂದಾಗ ಗೇಟು ಹಾಕಿತ್ತು. ಒಂದು ರೈಲು ಹೋಯಿತು, ಗೇಟು ಮೇಲೆದ್ದಿತು. ಕಾರು ಮಾತ್ರ ಕದಲಲಿಲ್ಲ. ಹಿಂದೆ ಲಾರಿ ಹಾರನ್ ಹೊಡೆಯಿತು, ಸ್ಕೂಟರಿನವರು ಪಕ್ಕದಿಂದ ನುಗ್ಗಿ ಹೋದರು. ಸಿದ್ದಬಸಪ್ಪನ ಕೈ ಸ್ಟೇರಿಂಗಿನ ಮೇಲೆ ಬಿಗಿದಿತ್ತು, ಹಣೆಯಲ್ಲಿ ಬೆವರು.

ವಾರದ ಹಿಂದಾಗಿದ್ದರೆ "ಹೋಗ್ರೀ, ಏನಾಯ್ತು?" ಎಂದು ದೇವೀರಮ್ಮ ಗದರುತ್ತಿದ್ದರೋ ಏನೋ. ಈಗ ಅವರು ಬಾಗಿಲು ತೆರೆದು ಕೆಳಗಿಳಿದರು.

"ನಾನು ಮುಂದೆ ನಡೀತೀನಿ. ಎರಡೂ ಕಡೆ ನೋಡ್ತೀನಿ. ನೀವು ನನ್ನನ್ನೇ ನೋಡ್ಕೊಂಡು ಹಿಂದೆ ಬನ್ನಿ."

"ಮಂಡಿನೋವು ಕಣೇ ನಿಂಗೆ."

"ಇದ್ರೆ ಇರ್ಲಿ. ಬನ್ನಿ."

ಸೆರಗು ಸೊಂಟಕ್ಕೆ ಸಿಕ್ಕಿಸಿ ಅವರು ಹಳಿಯ ಹತ್ತಿರ ಹೋದರು. ಎಡಕ್ಕೂ ಬಲಕ್ಕೂ ನೋಡಿದರು. ಎರಡೂ ಕಡೆ ಹಳಿ ಬಿಸಿಲಲ್ಲಿ ಖಾಲಿಯಾಗಿ ಹೊಳೆಯುತ್ತಿತ್ತು. ಕೈಯೆತ್ತಿ ಬನ್ನಿ ಎಂದು ಕರೆದು, ಹಿಂತಿರುಗಿ ನೋಡದೆ ಕುಂಟುತ್ತಾ ನಡೆದರು. ಹಿಂದೆ ಎಂಜಿನ್ನಿನ ಸದ್ದು ಹತ್ತಿರವಾಯಿತು. ಹಳಿಯ ಮೇಲೆ ಚಕ್ರ ಒಮ್ಮೆ ದಡಕ್ಕೆಂದಿತು, ಇನ್ನೊಮ್ಮೆ ಎಂದಿತು. ಸಿದ್ದಬಸಪ್ಪನನ್ನು ಬಲ್ಲ ಗೇಟಿನವನು ತನ್ನ ಗೂಡಿನಿಂದ ಹೊರಗೆ ಬಂದು, ನಗದೆ, ಹಸಿರು ಬಾವುಟವನ್ನು ಬಿಚ್ಚಿ ಹಿಡಿದು ನಿಂತ. ಲಾರಿಯವನು ಹಾರನ್ ನಿಲ್ಲಿಸಿದ.

ಆಚೆ ಬದಿಯಲ್ಲಿ ಕಾರು ಹತ್ತಿ ಕೂತಾಗ ದೇವೀರಮ್ಮನಿಗೆ ಏದುಸಿರು. ಗಂಡ ಏನೋ ಹೇಳಲು ಬಾಯಿ ತೆರೆದರು.

"ಆಮೇಲೆ ಹೇಳಿ. ಮನೇಲಿ ಕೂತ್ಕೊಂಡು ಹೇಳಿ. ಎಲ್ಲಾನೂ" ಎಂದರು ದೇವೀರಮ್ಮ.

ಆ ವರ್ಷವೆಲ್ಲ ಆ ಗೇಟಿನಲ್ಲಿ ದೇವೀರಮ್ಮ ಇಳಿದು ಮುಂದೆ ನಡೆಯುವುದು, ಕಾರು ಅವರ ಹಿಂದೆ ಬರುವುದು ನಡೆಯಿತು. ಬೀದಿಯವರಿಗೆ ಮೊದಮೊದಲು ತಮಾಷೆಯಾಗಿತ್ತು, ಆಮೇಲೆ ರೂಢಿಯಾಯಿತು. ಮರುವರ್ಷ ಗೌರಿಹಬ್ಬಕ್ಕೆ ತವರಿಗೆ ಹೊರಟ ಬೆಳಿಗ್ಗೆ ಸಣ್ಣಗೆ ಮಳೆ ಹನಿಯುತ್ತಿತ್ತು. ಗೇಟಿನ ಹತ್ತಿರ ದೇವೀರಮ್ಮ ಬಾಗಿಲಿಗೆ ಕೈ ಹಾಕಿದರು.

"ನೆನೀತೀಯ, ಕೂತ್ಕೋ" ಎಂದರು ಸಿದ್ದಬಸಪ್ಪ. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಗೇರು ಹಾಕಿದರು.