ಔಟರ್ ಸಿಗ್ನಲ್ಲಿನ ಗದ್ದೆ

ಅಂಕೋಲೆಯಿಂದ ಕಾರವಾರಕ್ಕೆ ದಿನಾ ರೈಲಿನಲ್ಲಿ ಹೋಗಿಬರುವ ನಮ್ಮಂಥವರನ್ನು ಊರಲ್ಲಿ ಪಾಸಿನವರು ಎನ್ನುತ್ತಾರೆ. ನಾನು ಹತ್ತು ವರ್ಷದ ಹಳೆಯ ಪಾಸಿನವನು. ಹೆಸರು ಮಧುಕರ ನಾಯ್ಕ, ಕಾರವಾರದ ಒಂದು ಸರ್ಕಾರಿ ಆಫೀಸಿನಲ್ಲಿ ಗುಮಾಸ್ತ. ಈ ಹತ್ತು ವರ್ಷದಲ್ಲಿ ಬೆಳಗಿನ ಪ್ಯಾಸೆಂಜರ್ ಹೇಳಿದ ಹೊತ್ತಿಗೆ ಬಂದದ್ದು ಹೆಚ್ಚೆಂದರೆ ಹನ್ನೊಂದು ಸಲ. ಆ ಹನ್ನೊಂದು ಸಲವೂ ನಮ್ಮಲ್ಲಿ ಅರ್ಧ ಜನ ಗಾಡಿ ತಪ್ಪಿಸಿಕೊಂಡಿದ್ದರು.

ಇರುವುದು ಒಂದೇ ಹಳಿ. ಎದುರಿನಿಂದ ಎಕ್ಸ್‌ಪ್ರೆಸ್ ಬಂದರೆ ನಮ್ಮದು ನಿಲ್ಲಬೇಕು, ಹಿಂದಿನಿಂದ ಬಂದರೂ ನಮ್ಮದೇ ನಿಲ್ಲಬೇಕು. ಗೂಡ್ಸಿಗೆ ದಾರಿ ಬಿಡಬೇಕು, ಲಾರಿಗಳನ್ನು ಬೆನ್ನ ಮೇಲೆ ಹೊತ್ತುಕೊಂಡು ಬರುವ ಗಾಡಿಗೂ ಬಿಡಬೇಕು. ಬಡವಾ ನೀ ಮಡಗಿದಂಗಿರು ಎಂದು ನಮ್ಮನ್ನು ನಡುದಾರಿಯ ಹಾರವಾಡ ಸ್ಟೇಶನ್ನಿನ ಪಕ್ಕದ ಹಳಿಗೆ ತಳ್ಳಿ ಮರೆತುಬಿಡುತ್ತಿದ್ದರು. ಹೆಂಗಸರು ಅಲ್ಲೇ ಕೂತು ಬೀನ್ಸ್ ಮುರಿಯುತ್ತಿದ್ದರು, ಗಂಡಸರು ಇಸ್ಪೀಟು ಕಲೆಸುತ್ತಿದ್ದರು. ನಾನು ಮಾತ್ರ ಗಡಿಯಾರ ನೋಡಿ ಬೈಯುತ್ತಿದ್ದೆ. ನನ್ನ ಬೈಗುಳ ಕೇಳಿ ಗಾಡಿ ಒಂದು ದಿನವೂ ಬೇಗ ಹೊರಟದ್ದಿಲ್ಲ.

ಆಫೀಸಿನಲ್ಲಿ ಇದಕ್ಕೊಂದು ಪದ್ಧತಿಯೇ ಬೆಳೆದುಬಂದಿತ್ತು. ಪಾಸಿನವರು ಬರುವ ತನಕ ಹಾಜರಿ ಪುಸ್ತಕ ಸಾಹೇಬರ ಮೇಜಿಗೆ ಹೋಗುತ್ತಿರಲಿಲ್ಲ. ಗಾಡಿ ಲೇಟು ಎಂದರೆ ಸಾಕು, ಮುಂದೆ ಯಾರೂ ಕೇಳುತ್ತಿರಲಿಲ್ಲ. ಎಷ್ಟೋ ಸಾಹೇಬರು ಬಂದುಹೋದರು, ಈ ಮಾತು ಮಾತ್ರ ಎಲ್ಲರ ಹತ್ತಿರವೂ ನಡೆಯಿತು. ಆಡಿ ಆಡಿ, ಇದಕ್ಕೆ ಲೋಕದಲ್ಲೆಲ್ಲ ಇದೇ ಬೆಲೆಯಿದೆ ಎಂದು ನಾನು ನಂಬಿಬಿಟ್ಟಿದ್ದೆ. ಕುಪ್ಪನ ಬಾಳು ಹಾಳಾದದ್ದು ನನ್ನ ಈ ನಂಬಿಕೆಯಿಂದ. ಇದನ್ನು ಮುಚ್ಚಿಟ್ಟು ನಾನು ಯಾವ ಕತೆ ಹೇಳಿದರೂ ಅದು ಸುಳ್ಳು.

ಕುಪ್ಪ ಅಗಸೂರಿನ ಬೊಮ್ಮುಗೌಡರ ಮಗ. ಮೊದಲು ಅವರ ಮನೆ ಹಾರವಾಡದ ಹತ್ತಿರ ಇತ್ತು. ರೈಲು ಬರುತ್ತದೆ ಎಂದು ಅಳೆಯಲು ಬಂದವರು ಬೊಮ್ಮುಗೌಡರ ಗದ್ದೆಯ ನಟ್ಟನಡುವೆ ಗೂಟ ನೆಟ್ಟರು. ನಡುವಿನದನ್ನು ಹಳಿಗೆ ತೆಗೆದುಕೊಂಡ ಮೇಲೆ ಆಚೆ ಈಚೆ ಉಳಿದ ಎರಡು ಚೂರಿಗೆ ನೀರೂ ಹತ್ತಲಿಲ್ಲ, ನೇಗಿಲೂ ತಿರುಗಲಿಲ್ಲ. ಅವರು ಆ ಚೂರುಗಳನ್ನೂ ಯಾರಿಗೋ ಕೊಟ್ಟು ಹೆಂಡತಿಯ ತವರಾದ ಅಗಸೂರಿಗೆ ಹೋದರು. ಭೂಮಿ ಕೊಟ್ಟ ಮನೆಗೊಂದು ಕೆಲಸ ಎಂಬ ಮಾತೊಂದಿತ್ತು. ಬೊಮ್ಮುಗೌಡರಿಗೆ ಉಳಿದದ್ದು ಆ ಮಾತು ಮಾತ್ರ.

ಆ ಮಾತು ಹಿಡಿದು ಹದಿಮೂರು ವರ್ಷ ಅರ್ಜಿ ಬರೆದವನು ನಾನು. ಶನಿವಾರ ಶನಿವಾರ ಅವರು ಬಸಳೆಯ ಕಟ್ಟು ಹೊತ್ತು ಅಂಕೋಲೆಗೆ ಬರುತ್ತಿದ್ದರು. ನನ್ನ ಹೆಂಡತಿ ಸುಗಂಧಾ ಸೊಪ್ಪು ಆರಿಸುವಷ್ಟರಲ್ಲಿ ನಾನು ಜಗಲಿಯಲ್ಲಿ ಕೂತು ಒಂದು ಅರ್ಜಿ ಬರೆದುಕೊಡುತ್ತಿದ್ದೆ. ಆಫೀಸಿನಲ್ಲಿ ಯಾರೂ ಹೊಗಳದ ನನ್ನ ಬರವಣಿಗೆಯನ್ನು ಅವರು ಅಕ್ಷರ ಬಾರದಿದ್ದರೂ ತಿರುಗಿಸಿ ತಿರುಗಿಸಿ ನೋಡಿ, ಚಂದ ಬರದ್ರಿ ನಾಯ್ಕರೆ ಎನ್ನುತ್ತಿದ್ದರು. ನನಗೆ ಅದು ಹಿತವಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಎರಡು ಸಾವಿರದ ಆರನೆಯ ಇಸವಿಯ ಫೆಬ್ರವರಿಯಲ್ಲಿ ಕುಪ್ಪನಿಗೆ ಸಂದರ್ಶನದ ಕಾಗದ ಬಂತು. ಹಳಿ ನೋಡಿಕೊಳ್ಳುವ ಕೆಲಸ. ಅವರ ಕೇರಿಯಲ್ಲಿ ಮೊದಲು ಎಸ್ಸೆಸ್ಸೆಲ್ಸಿ ದಾಟಿದವನು ಅವನು, ಆದರೂ ಇಷ್ಟು ವರ್ಷ ಕಲ್ಲುಕ್ವಾರಿಯಲ್ಲಿ ದಿನಗೂಲಿ ಮಾಡಿಕೊಂಡಿದ್ದ. ಮೂವತ್ತೈದು ತುಂಬಿದವರಿಗೆ ಈ ಕೆಲಸ ಇಲ್ಲ ಎಂದು ಕಾಗದದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಕುಪ್ಪನಿಗೆ ಮಾರ್ಚ್ ಒಂಬತ್ತಕ್ಕೆ ಮೂವತ್ತೈದು ತುಂಬುತ್ತಿತ್ತು. ಇದು ತಪ್ಪಿದರೆ ಇನ್ನೊಂದು ಸಲ ಇಲ್ಲ, ಅದು ಅವನಿಗೂ ಗೊತ್ತು, ನನಗೂ ಗೊತ್ತು.

ಸಂದರ್ಶನ ಶಿರವಾಡದಲ್ಲಿ, ಕಾರವಾರ ಸ್ಟೇಶನ್ನಿನ ಹಿಂದಿನ ಕಚೇರಿಯಲ್ಲಿ, ಹತ್ತೂವರೆಗೆ. ಕುಪ್ಪ ಏಳು ಗಂಟೆಯ ಬಸ್ಸಿಗೆ ಹೋಗುತ್ತೇನೆ ಎಂದ. ನಾನು ನಕ್ಕೆ.

"ರೈಲಿನ ಕೆಲ್ಸಕ್ಕೆ ಬಸ್ಸಿಗೆ ಹೋಗ್ತ್ಯನೋ? ಗಾಡಿ ನಿನ್ನ ಅವರ ಬಾಗ್ಲಲ್ಲೇ ಇಳಿಸ್ತದೆ. ಲೇಟಾದ್ರೂ ಅದು ಅವರದ್ದೇ ಗಾಡಿ, ಅವರಿಗೆ ಎಂತ ಹೇಳ್ಲಿಕ್ಕೆ ಆಗ್ತದೆ?"

ಬಸ್ಸು ಪೇಟೆಗೆ ಹೋಗುತ್ತದೆ, ಅಲ್ಲಿಂದ ಮತ್ತೆ ಶಿರವಾಡಕ್ಕೆ ಟೆಂಪೋ ಹುಡುಕಬೇಕು ಎಂದೂ ವಿವರಿಸಿದೆ. ಒಂಬತ್ತೂವರೆಗೆ ಮುಟ್ಟಬೇಕಾದ ಗಾಡಿ ದಿನದ ಹಾಗೆ ನಲವತ್ತು ನಿಮಿಷ ತಡವಾದರೂ ಇನ್ನೂ ಇಪ್ಪತ್ತು ನಿಮಿಷ ಕೈಯಲ್ಲಿ ಉಳಿಯುತ್ತದೆ ಎಂದು ಬೆರಳು ಮಡಿಸಿ ತೋರಿಸಿದೆ. ಇವೆಲ್ಲ ಮೇಲಿನ ಕಾರಣಗಳು. ಒಳಗಿನದು ಬೇರೆ. ಹದಿಮೂರು ವರ್ಷ ಅರ್ಜಿ ಬರೆದವನು ನಾನು, ಅವನನ್ನು ಆ ಬಾಗಿಲ ತನಕ ನಾನೇ ಕರೆದುಕೊಂಡು ಹೋಗಬೇಕೆಂಬ ಆಸೆ ನನಗಿತ್ತು. ಬೊಮ್ಮುಗೌಡರು ಮಗನ ಕಡೆ ತಿರುಗಿ, ನಾಯ್ಕರು ಹೇಳಿದಂಗೆ ಮಾಡು ಎಂದರು. ಅಲ್ಲಿಗೆ ಮಾತು ಮುಗಿಯಿತು.

ಸಂದರ್ಶನದ ದಿನ ಗಾಡಿ ಅಂಕೋಲೆಗೆ ಬರುವಾಗಲೇ ಇಪ್ಪತ್ತೈದು ನಿಮಿಷ ತಡ. ಅದೇನು ದೊಡ್ಡದಲ್ಲ. ಕುಪ್ಪ ಬಿಳಿ ಅಂಗಿ ಹಾಕಿ, ಹೊಸ ಚಪ್ಪಲಿ ಮೆಟ್ಟಿ, ಕಾಗದಪತ್ರಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎದೆಗೊತ್ತಿಕೊಂಡು ಕೂತಿದ್ದ. ಪಾಸಿನವರೆಲ್ಲ ಅವನನ್ನು ಮಾತಾಡಿಸಿದರು. ನಮ್ಮ ಗುಂಪಿನ ದೇವಾನಂದ, ಇನ್ನು ಮೇಲೆ ಗಾಡಿ ತಡವಾದರೆ ಬೈಯಲು ನಮಗೂ ಒಬ್ಬ ಸ್ವಂತದ ಜನ ಸಿಕ್ಕಿದ ಎಂದು ಕಿಚಾಯಿಸಿದ. ಕುಪ್ಪ ನಾಚಿ ನಕ್ಕ. ಅವನು ಹಾಗೆ ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

ಹಾರವಾಡ ಇನ್ನೇನು ಬಂತು ಎನ್ನುವಾಗ ಗಾಡಿ ನಿಂತಿತು. ಔಟರ್ ಸಿಗ್ನಲ್. ಒಂಬತ್ತೂ ಮೂವತ್ತೈದು. ನಾನು ಇದೆಲ್ಲ ಇದ್ದದ್ದೇ ಎಂದೆ. ಹತ್ತು ನಿಮಿಷವಾಯಿತು. ದೇವಾನಂದ ಬಾಗಿಲಿನಿಂದ ಬಗ್ಗಿ ನೋಡಿ ಬಂದು, ಮುಂದೆ ಗೂಡ್ಸಿನ ಇಂಜಿನ್ ಕೆಟ್ಟಿದೆಯಂತೆ ಎಂದು ಸುದ್ದಿ ಹೇಳಿದ. ಇಂಥ ಸುದ್ದಿ ನಮ್ಮ ಗಾಡಿಯಲ್ಲಿ ವಾರಕ್ಕೆ ಮೂರು ಸಲ ಹುಟ್ಟುತ್ತದೆ. ಅದರಲ್ಲಿ ಎರಡು ಸುಳ್ಳಾಗಿರುತ್ತವೆ.

ಪಾಸಿನವರಲ್ಲಿ ಎರಡು ಪಕ್ಷ. ಗಾಡಿ ಹೀಗೆ ನಿಂತರೆ ಹಳಿಗೆ ಹಾರಿ, ಗದ್ದೆ ದಾಟಿ, ಹೆದ್ದಾರಿಗೆ ಹೋಗಿ ಟೆಂಪೋ ಹಿಡಿಯುವವರದ್ದು ಒಂದು. ಅದರ ಮುಂದಾಳು ದೇವಾನಂದ. ಏನಾದರಾಗಲಿ ಸೀಟು ಬಿಡದವರದ್ದು ಇನ್ನೊಂದು. ಅದಕ್ಕೆ ನಾನು. ಹಿಂದಿನ ವಾರವಷ್ಟೇ ದೇವಾನಂದ ಹಾರಿ ಗದ್ದೆಯ ಅರ್ಧಕ್ಕೆ ಹೋಗುವಷ್ಟರಲ್ಲಿ ಗಾಡಿ ಹೊರಟು, ನಾವೆಲ್ಲ ಕಿಟಕಿಯಿಂದ ಅವನಿಗೆ ಕೈಬೀಸಿ ನಕ್ಕಿದ್ದೆವು. ಆ ನಗೆಯ ರುಚಿ ನನ್ನ ಬಾಯಲ್ಲಿ ಇನ್ನೂ ಇತ್ತು.

ದೇವಾನಂದನೂ ಐದಾರು ಜನರೂ ಚೀಲ ಹೆಗಲಿಗೆ ಹಾಕಿ ಇಳಿದರು. ಕೆಳಗಿನಿಂದಲೇ ಅವನು ಕುಪ್ಪನನ್ನು ಕರೆದ. ಕುಪ್ಪ ಎದ್ದು ಕಿಟಕಿಯಾಚೆ ನೋಡಿದ. ಗದ್ದೆಯಲ್ಲಿ ಶೇಂಗಾ ಹಸಿರಾಗಿತ್ತು, ಯಾರೋ ಒಬ್ಬಳು ಕಳೆ ತೆಗೆಯುತ್ತಿದ್ದಳು.

"ನಾಯ್ಕರೆ, ಇದು ನಮ್ಮ ಗದ್ದೆಯೇ. ಆ ಬದುವಿನ ಮೇಲೆ ಹೋದ್ರೆ ಹತ್ತು ನಿಮಿಷಕ್ಕೆ ರೋಡು. ನಾ ಇಳಿತೆ."

ನಾನು ಅವನ ಮಣಿಕಟ್ಟು ಹಿಡಿದೆ. "ಕೂತ್ಕೋ. ಈಗ ಬಿಡ್ತದೆ."

ಹೊಸ ಚಪ್ಪಲಿ, ಬಿಳಿ ಅಂಗಿ, ಜಲ್ಲಿಯ ಮೇಲೆ ಜಾರಿದರೆ ಕಾಗದಪತ್ರದ ಗತಿ ಏನು ಎಂದೂ ಕೇಳಿದೆ. ಅವನು ಒಂದು ಗಳಿಗೆ ನಿಂತ. ನಾನು ಹೇಳಿದೆನೆಂದು ಕೂತ. ಅಪ್ಪ ಹೇಳಿಕಳಿಸಿದ್ದರಲ್ಲ, ನಾಯ್ಕರು ಹೇಳಿದಂಗೆ ಮಾಡು ಎಂದು.

ಗಾಡಿ ಬಿಡಲಿಲ್ಲ. ಹತ್ತು ಗಂಟೆಯಾಯಿತು. ಆಗಲಾದರೂ ಇಳಿಸಬಹುದಿತ್ತು. ಇಷ್ಟು ಹೊತ್ತು ಕಾದಾಯಿತು, ಇನ್ನು ಇಳಿದೊಡನೆ ಬಿಟ್ಟರೆ ಎಂಬ ದರಿದ್ರ ಯೋಚನೆ ನನ್ನನ್ನು ಬಿಡಲಿಲ್ಲ. ಜೂಜಾಡುವವನಿಗೂ ನನಗೂ ಆಗ ಏನೂ ವ್ಯತ್ಯಾಸವಿರಲಿಲ್ಲ. ಹತ್ತೂ ಇಪ್ಪತ್ತಕ್ಕೆ ಗಾಡಿ ಅಲ್ಲಾಡಿತು, ಜನ ಹೋ ಎಂದರು, ಹಾರವಾಡ ಸ್ಟೇಶನ್ನಿಗೆ ಹೋಗಿ ಅದು ಪಕ್ಕದ ಹಳಿಯಲ್ಲಿ ಮತ್ತೆ ನಿಂತಿತು. ಎಕ್ಸ್‌ಪ್ರೆಸ್ ದಾಟಬೇಕಿತ್ತು. ಅದು ದಾಟಿತು. ಹಿಂದಿನಿಂದ ಇನ್ನೊಂದು ಬಂತು, ಅದೂ ದಾಟಿತು. ಪ್ಲಾಸ್ಟಿಕ್ ಚೀಲದ ಮೇಲೆ ಕುಪ್ಪನ ಬೆವರಿನ ಬೆರಳಚ್ಚು ಮೂಡಿತ್ತು. ನಾನೇ ಸುಮ್ಮನಿರಲಾರದೆ, ಹೆದರಬೇಡ, ಅವರದ್ದೇ ಗಾಡಿ ಎಂದು ಮೂರು ನಾಲ್ಕು ಸಲ ಹೇಳಿದೆ.

ಕಾರವಾರ ಮುಟ್ಟಿದಾಗ ಹನ್ನೊಂದೂ ನಲವತ್ತು. ಓಡಿದೆವು. ಕಚೇರಿಯ ಪಡಸಾಲೆಯಲ್ಲಿ ಒಬ್ಬಾಕೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಳು. ಒಳಗೆ ಮೇಜಿನ ಹಿಂದಿದ್ದ ಅಧಿಕಾರಿ ಕನ್ನಡಕ ಒರೆಸುತ್ತ, ಸಂದರ್ಶನ ಹನ್ನೊಂದಕ್ಕೆ ಮುಗಿಯಿತು, ಪಟ್ಟಿಗೆ ಸಹಿಯಾಗಿ ಲಕೋಟೆಯೂ ಹೋಯಿತು ಎಂದರು. ಕುಪ್ಪನ ಹೆಸರು ಕೇಳಿ ಪ್ರತಿಯಲ್ಲಿ ಹುಡುಕಿ ತೋರಿಸಿದರು. ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಗೈರುಹಾಜರು ಎಂದು ಬರೆದಿತ್ತು.

ನಾನು ಎಂಟು ವರ್ಷದ ನನ್ನ ಮಾತನ್ನು ಹೊರತೆಗೆದೆ. ಗಾಡಿ ಲೇಟು ಸಾರ್ ಎಂದೆ. ಎರಡು ತಾಸು ನಿಮ್ಮದೇ ಸಿಗ್ನಲ್ಲಿನಲ್ಲಿ ನಿಲ್ಲಿಸಿದರು, ಬೇಕಾದರೆ ಸ್ಟೇಶನ್ ಮಾಸ್ತರರನ್ನು ಕೇಳಿ, ಈ ಹುಡುಗನ ಗದ್ದೆಯ ಮೇಲೆಯೇ ಆ ಹಳಿ ಹಾಕಿದ್ದೀರಿ ಎಂದು ದನಿ ಏರಿಸಿದೆ. ಅವರು ಸಿಟ್ಟಾಗಲಿಲ್ಲ. ಗಾಡಿ ತಡವಾಗಿಲ್ಲ ಎಂದೂ ಹೇಳಲಿಲ್ಲ. ಹಾಗೆ ಹೇಳಿದ್ದರೆ ಜಗಳವಾಡಬಹುದಿತ್ತು.

"ಬೆಳಿಗ್ಗೆ ಒಂಬತ್ತು ಜನ ಬಂದ್ರು. ಎಲ್ಲಾ ನಿಮ್ಮ ಹಾಗೇ ಭೂಮಿ ಕೊಟ್ಟವರು. ಎಲ್ಲರೂ ಬಸ್ಸಿಗೆ ಬಂದ್ರು, ಇಲ್ಲಾ ನಿನ್ನೆಯೇ ಬಂದು ಉಳಿದ್ರು. ನಾನೂ ಅಂಕೋಲೆ ಕಡೆಯವನೇ, ಬೈಕಿಗೆ ಬರೋದು. ಇಂಥ ದಿನ ಆ ಪ್ಯಾಸೆಂಜರ್ ನಂಬಿ ಯಾರಾದ್ರೂ ಬರ್ತಾರೇನ್ರೀ?"

ಎಂಟು ವರ್ಷ ನಾನೇ ಎಲ್ಲರಿಗೂ ಹೇಳುತ್ತ ಬಂದ ಮಾತು ಅದು. ಕುಪ್ಪನಿಗೊಬ್ಬನಿಗೆ ಹೇಳಲಿಲ್ಲ.

ಹೊರಗೆ ಗೋಳಿಮರದ ಕಟ್ಟೆಯ ಮೇಲೆ ಕೂತೆವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ, ಇಲ್ಲಿ ತುತ್ತನ್ನು ತಟ್ಟಿ ಕೆಡವಿದ ಕೈ ನನ್ನದು. ಮೇಲಿನವರಿಗೆ ಇವತ್ತೇ ಅರ್ಜಿ ಬರೆಯೋಣ, ಸ್ಟೇಶನ್ ಮಾಸ್ತರರ ಹತ್ತಿರ ಚೀಟಿ ತೆಗೆದುಕೊಳ್ಳೋಣ, ಗಾಡಿಯದೇ ತಪ್ಪು ಎಂದು ಸಾಧಿಸೋಣ ಎಂದು ನಾನು ಒಂದೇ ಸಮನೆ ಮಾತಾಡಿದೆ. ಕುಪ್ಪ ಹೊಸ ಚಪ್ಪಲಿ ಕಳಚಿ ಕಚ್ಚಿದ ಬೆರಳು ನೋಡಿಕೊಳ್ಳುತ್ತಿದ್ದ.

"ಗಾಡಿಯ ಮಾತು ಬಿಡಿ ನಾಯ್ಕರೆ. ನೀವು ಕೂತ್ಕೋ ಅಂದ್ರಿ, ನಾ ಕೂತೆ."

ಬೈದು ಹೇಳಿದ್ದಲ್ಲ. ಆದದ್ದನ್ನು ಆದ ಹಾಗೆ ಹೇಳಿದ, ಅಷ್ಟೇ. ನನಗೆ ಆ ಕಟ್ಟೆಯ ಮೇಲೆ ಹಿಡಿಯಾಗಿ ಹೋದರೆ ಸಾಕು ಎನ್ನಿಸಿತು. ಐವತ್ತೆರಡು ವರ್ಷದ ನಾನು ಅವನೆದುರು ಅತ್ತೆ. ಅವನೇ ನನಗೆ ನೆರಳಿದ್ದ ಕಡೆ ಸರಿದು ಕೂರಲು ಹೇಳಿದ. ಆಮೇಲೆ ಒಂದು ಮಾತು ಕೇಳಿಕೊಂಡ.

"ಅಪ್ಪಗೆ ಸಂದರ್ಶನ ಆಯ್ತು ಅಂತಲೇ ಹೇಳ್ತೆ. ಕಾಗದ ಬತ್ತದೆ ಅಂದಿದ್ರು ಅಂತ ಹೇಳ್ತೆ. ನೀವೂ ಹಂಗೇ ಹೇಳಿ. ಅವಂಗೆ ಈ ವಯಸ್ಸಲ್ಲಿ ಬೇರೆ ಹೇಳಿ ಎಂತ ಆಗೂದದೆ?"

ನಾನು ಒಪ್ಪಿಕೊಂಡೆ. ಒಪ್ಪದೆ ಇರುವ ಮುಖ ನನಗೆ ಉಳಿದಿರಲಿಲ್ಲ. ಕುಪ್ಪ ಹೆದ್ದಾರಿಯ ಕಡೆ ಹೋಗಿ ಬಸ್ಸು ಹತ್ತಿದ, ಸೋಮವಾರದಿಂದ ಮತ್ತೆ ಕ್ವಾರಿಗೆ ಹೋದ. ನಾನು ಅವನಿಗೆ ಹೇಳದೆಯೇ ಮೂರು ಅರ್ಜಿ ಬರೆದೆ. ಮೂರಕ್ಕೂ ಸೇರಿ ಒಂದು ಉತ್ತರ ಬಂತು. ಅಭ್ಯರ್ಥಿ ಗೈರುಹಾಜರಾಗಿದ್ದರು, ಈಗ ವಯಸ್ಸೂ ಮೀರಿದೆ, ಈ ವಿಷಯದಲ್ಲಿ ಮುಂದೆ ಪತ್ರವ್ಯವಹಾರ ಬೇಡ ಎಂದು. ಅದನ್ನು ಸುಗಂಧಾಳ ಸೀರೆಗಳ ಕೆಳಗೆ ಇಟ್ಟಿದ್ದೇನೆ. ಇಂದಿಗೂ ನಾನು ಅದೇ ಗಾಡಿಯಲ್ಲಿ ಹೋಗುತ್ತೇನೆ, ಅದು ಇಂದಿಗೂ ಆ ಗದ್ದೆಯ ಹತ್ತಿರ ನಿಲ್ಲುತ್ತದೆ. ಈಗ ನಾನು ಬೈಯುವುದಿಲ್ಲ. ಬೈಯುವ ಹಕ್ಕು ಇಲ್ಲ ಎನ್ನಿಸುತ್ತದೆ.

ಬೊಮ್ಮುಗೌಡರು ಪ್ರತಿ ಶನಿವಾರ ಬರುತ್ತಾರೆ. ಆ ದಿನದ ಮೇಲೆ ಎರಡು ಮಳೆಗಾಲ ಮುಗಿದವು. ಜಗಲಿಯ ಮೇಲೆ ಬಸಳೆಯ ಕಟ್ಟು ಇಳಿಸಿ, ನೀರು ಕುಡಿದು, ಕಾಗದ ಬಂತಾ ನಾಯ್ಕರೆ ಎಂದು ಕೇಳುತ್ತಾರೆ. ಇನ್ನೂ ಬಂದಿಲ್ಲ ಗೌಡ್ರೆ ಎನ್ನುತ್ತೇನೆ. ಹಿಂದಿನ ಶನಿವಾರ ನನ್ನ ಮುಖ ಹೇಗಿತ್ತೋ ಏನೋ, ಅವರು ನನ್ನ ಮಂಡಿಯ ಮೇಲೆ ಕೈಯಿಟ್ಟು ನನಗೇ ಸಮಾಧಾನ ಹೇಳಿದರು.

"ನೀವ್ ಎಂತಕೆ ಬೇಜಾರ ಮಾಡ್ಕಂತ್ರಿ? ರೈಲಿನ ಕಾಗದ ಅಲ್ವಾ, ಸಮಯಕ್ಕೆ ಎಲ್ಲಿ ಬತ್ತದೆ? ತಡ ಆದ್ರೂ ಬತ್ತದೆ."

ಬತ್ತದೆ ಗೌಡ್ರೆ ಎಂದೆ.